ಕಿಟಕಿಗೆ ಕಟ್ಟಿದ ಸೀರೆ

“ಧೃತಿ, ಆ ಮೂಲೆ ಬಿಟ್ಟುಹೋಯಿತಲ್ಲ. ಅಲ್ಲಿಗೂ ಒಂದು ಅಂಟಿಸು,” ಎಂದರು ತೆರೆಸಾ ಬಾಯಿ.

ಧೃತಿ ಗಾಜಿನ ಟೀಪಾಯಿಯ ಅಡಿಯಿಂದ ತೆವಳಿಕೊಂಡು ಆಚೆ ಬದಿಗೆ ಹೋದಳು. ಮೆತ್ತನೆಯ ರಬ್ಬರ್ ತುಂಡಿನ ಹಿಂದಿದ್ದ ಕಾಗದ ಕಿತ್ತು, ಚೂಪಾದ ಮೂಲೆಗೆ ಗಟ್ಟಿಯಾಗಿ ಒತ್ತಿ ಹಿಡಿದಳು.

ಶಿರ್ವದ ಈ ದೊಡ್ಡ ಮನೆಯಲ್ಲಿ ಧೃತಿಯ ಅಮ್ಮ ಸರಸ ಕೆಲಸ ಮಾಡುತ್ತಿದ್ದಳು. ತೆರೆಸಾ ಬಾಯಿಯ ಮಗಳು ಗ್ಲೋರಿಯಾ ಸೋಮವಾರ ದುಬೈಯಿಂದ ಬರುವವಳಿದ್ದಳು. ಅವಳ ಜೊತೆ ಈಗಷ್ಟೇ ನಡೆಯಲು ಕಲಿತ ಮಗುವೂ ಬರುತ್ತಿತ್ತು. ಅದಕ್ಕೇ ಇಷ್ಟೆಲ್ಲ ತಯಾರಿ. ಶಾಲೆಗೆ ರಜೆ ಇತ್ತು, ಹಾಗಾಗಿ ಧೃತಿಯೂ ಅಮ್ಮನ ಜೊತೆ ಬಂದಿದ್ದಳು.

ಪ್ಲಗ್ಗುಗಳಿಗೆಲ್ಲ ಬಿಳಿ ಮುಚ್ಚಳ ಬಂತು. ಮೆಟ್ಟಿಲಿನ ಬುಡಕ್ಕೆ ಒಂದು ಪುಟ್ಟ ಗೇಟು ಬಂತು. ಅಮ್ಮ ಫಿನಾಯಿಲ್ ಬಾಟಲಿಗಳನ್ನು ಮೇಲಿನ ಕಪಾಟಿಗೆ ಸಾಗಿಸಿದಳು. ಬಾತ್‌ರೂಮಿನ ಬಕೆಟುಗಳ ನೀರು ಚೆಲ್ಲಿ ಕವುಚಿ ಹಾಕಿದಳು.

“ಮಗುವಿನ ಕೈ ಎಲ್ಲಿಗೆ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ,” ಎಂದು ತೆರೆಸಾ ಬಾಯಿ ಸೋಫಾದಲ್ಲಿ ಕುಳಿತರು. “ನಿಮ್ಮ ಮನೆಯಲ್ಲೂ ಸಣ್ಣ ತಮ್ಮ ಇದ್ದಾನಲ್ಲ ಧೃತಿ? ನೀವು ಎಂತ ಮಾಡ್ತೀರಿ?”

ಧೃತಿಯ ಕೈ ಟೀಪಾಯಿಯ ಮೇಲೆಯೇ ನಿಂತಿತು.

“ನಾವೂ... ಹೀಗೇ. ಗೇಟು ಉಂಟು. ಪ್ಲಗ್ಗಿಗೂ ಹಾಕಿದ್ದೇವೆ,” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೆಲ ಒರೆಸುವ ಬಟ್ಟೆ ಹಿಂಡಿಕೊಂಡು ಒಳಗೆ ಹೋದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಕೇಳಿದಳು, “ಬಾಯಿ ಹತ್ತಿರ ಸುಳ್ಳು ಯಾಕೆ ಹೇಳಿದೆ?”

“ಮತ್ತೆ ಎಂತ ಹೇಳುವುದು? ಮನ್ನುವನ್ನು ಕಿಟಕಿಗೆ ಕಟ್ಟಿ ಹಾಕ್ತೇವೆ ಅಂತಲಾ? ನಾಯಿಯನ್ನು ಕಟ್ಟಿದ ಹಾಗೆ?”

ಹೇಳಿದ ಮೇಲೆ ಧೃತಿಗೇ ಭಯವಾಯಿತು. ಅಮ್ಮ ಬೈಯಬಹುದು ಅಂದುಕೊಂಡಳು. ಅಮ್ಮ ಬೈಯಲಿಲ್ಲ. ಮುಖ ಹೊರಗೆ ತಿರುಗಿಸಿ ಕುಳಿತವಳು ಇಳಿಯಬೇಕಾದ ಕಟಪಾಡಿ ಬರುವವರೆಗೂ ಈಚೆ ತಿರುಗಲೇ ಇಲ್ಲ.

ಅವರ ಮನೆ ಮಟ್ಟು ಎಂಬ ಊರಿನಲ್ಲಿ, ಹೊಳೆಯ ದಡದಲ್ಲಿತ್ತು. ಅಂಗಳ ಮುಗಿದ ಕೂಡಲೇ ನೀರು. ಅಪ್ಪ ಧನರಾಜ್ ಮೀನು ಹಿಡಿಯಲು ಮಲ್ಪೆಯಿಂದ ಬೋಟಿನಲ್ಲಿ ಹೊರಟರೆ ಎಷ್ಟೋ ದಿನ ಮನೆಗೆ ಬರುತ್ತಿರಲಿಲ್ಲ. ತಮ್ಮ ಮನ್ನುವನ್ನು ಅಂಗನವಾಡಿಗೆ ಸೇರಿಸಲು ಇನ್ನೂ ವಯಸ್ಸಾಗಿರಲಿಲ್ಲ. ಹಗಲಿಡೀ ಅವನ ಜೊತೆ ಇರುವವರು ಕೂಸಪ್ಪಜ್ಜ ಮಾತ್ರ. ಅಜ್ಜನ ಎರಡೂ ಮೊಣಕಾಲು ಹಾಳಾಗಿದ್ದವು. ಕಣ್ಣೂ ಮಂಜು. ಅಜ್ಜ ಕೋಲು ಹುಡುಕಿಕೊಂಡು ಏಳುವಷ್ಟರಲ್ಲಿ ಮನ್ನು ಅಂಗಳ ದಾಟಿಬಿಡುತ್ತಿದ್ದ. ಅದಕ್ಕೇ ಅಮ್ಮ ತನ್ನ ಹಳೆಯ ಸೀರೆಯ ಒಂದು ತುದಿಯನ್ನು ಮನ್ನುವಿನ ಸೊಂಟಕ್ಕೂ ಇನ್ನೊಂದು ತುದಿಯನ್ನು ಮನೆಯ ಮುಂದಿನ ಚಾವಡಿಯ ಕಿಟಕಿಯ ಸರಳಿಗೂ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದಳು.

ಅವರು ಮನೆ ಮುಟ್ಟಿದಾಗ ಮನ್ನು ಕಿಟಕಿಯ ಕೆಳಗೆ ನೆಲದ ಮೇಲೆಯೇ ನಿದ್ದೆ ಹೋಗಿದ್ದ. ಮುಷ್ಟಿಯಲ್ಲಿ ಸೀರೆಯ ಅಂಚು ಇತ್ತು. ಧೃತಿ ಗಂಟು ಬಿಚ್ಚಿದಳು. ಅವನ ಸೊಂಟದ ಸುತ್ತ ಕೆಂಪು ಗೆರೆ ಎದ್ದಿತ್ತು.

“ಅಮ್ಮ, ನಾಳೆ ಭಾನುವಾರ. ನಾನು ಮನೆಯಲ್ಲೇ ಇರ್ತೇನೆ. ನಾಳೆ ಅವನನ್ನು ಕಟ್ಟಬೇಡ,” ಎಂದಳು.

ನೆಂಟರು ಬರುವವರಿದ್ದುದರಿಂದ ಅಮ್ಮನಿಗೆ ಭಾನುವಾರವೂ ಕೆಲಸವಿತ್ತು. ಅವಳು ಮನ್ನುವಿನ ಸೊಂಟದ ಗೆರೆಯನ್ನು ಸವರಿದಳು.

“ಸರಿ. ಆದರೆ ಅವನ ಮೇಲಿಂದ ಕಣ್ಣು ತೆಗೀಬಾರದು, ಆಯ್ತಾ?”

ಮರುದಿನ ಅಮ್ಮ ಹೋದ ಕೂಡಲೇ ಧೃತಿ ಕೆಲಸ ಶುರು ಮಾಡಿದಳು. ಮೀನಿನ ಬಾಕ್ಸಿನ ಥರ್ಮಕೋಲ್ ಮುರಿದು ಬೆಂಚಿನ ಮೂಲೆಗಳಿಗೆ ಕಟ್ಟಿದಳು. ಪ್ಲಗ್ಗಿಗೆ ಸೆಲೋಟೇಪ್ ಸುತ್ತಿದಳು. ಮೀನು ಕೊಯ್ಯುವ ಕತ್ತಿಯನ್ನೂ ಸೀಮೆಎಣ್ಣೆ ಬಾಟಲಿಯನ್ನೂ ಅಟ್ಟದ ಮೇಲಿಟ್ಟಳು. ಕೊನೆಗೆ ಬೆಂಚನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟಳು.

“ಅಜ್ಜ, ಇದು ನಮ್ಮ ಗೇಟು!”

“ಭಾರೀ ಲಾಯ್ಕ ಆಯಿತು,” ಎಂದು ಅಜ್ಜ ನಕ್ಕರು.

ಮನ್ನು ಚಾವಡಿಯಲ್ಲೆಲ್ಲ ಓಡಿದ. ಬಿದ್ದ, ಎದ್ದ, ಚಪ್ಪಾಳೆ ತಟ್ಟಿದ. ಅವನು ಅಷ್ಟು ದೂರ ಓಡಬಲ್ಲ ಎಂದು ಧೃತಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಗಂಜಿ ಉಕ್ಕಿದ ಸದ್ದಾಯಿತು. ಧೃತಿ ಓಡಿಹೋಗಿ ಮುಚ್ಚಳ ಸರಿಸಿದಳು, ಬೆಂಕಿ ಸಣ್ಣ ಮಾಡಿದಳು. ಅಷ್ಟೇ. ತಿರುಗಿ ಬಂದಾಗ ಚಾವಡಿಯಲ್ಲಿ ಮನ್ನು ಇರಲಿಲ್ಲ.

ಬೆಂಚು ಇಟ್ಟಲ್ಲೇ ಇತ್ತು. ಅದರ ಅಡಿಯಲ್ಲಿ ಒಂದು ಮಗು ನುಸುಳುವಷ್ಟು ಜಾಗ ಇತ್ತು.

“ಅಜ್ಜ! ಮನ್ನು ಎಲ್ಲಿ?”

“ಇಲ್ಲೇ ಇದ್ದನಲ್ಲ...” ಅಜ್ಜ ಕೋಲಿಗಾಗಿ ನೆಲ ತಡವಿದರು.

ಧೃತಿ ಬೆಂಚನ್ನು ಬದಿಗೆ ತಳ್ಳಿ ಓಡಿದಳು. ಅಂಗಳದಲ್ಲಿ ಇಲ್ಲ. ತೆಂಗಿನ ಬುಡದಲ್ಲಿ ಇಲ್ಲ. ಹೊಳೆಬದಿಯಲ್ಲಿ ದೋಣಿ ಕಟ್ಟುವ ಮೆಟ್ಟಿಲ ಮೇಲೆ, ಕೊನೆಯ ಕಲ್ಲಿನಲ್ಲಿ ಮನ್ನು ಕುಳಿತಿದ್ದ. ಕಾಲು ಎರಡೂ ನೀರಿನೊಳಗೆ. ಮುಂದಕ್ಕೆ ಬಗ್ಗಿ ಕೈಯಿಂದ ನೀರು ಬಡಿಯುತ್ತಾ ನಗುತ್ತಿದ್ದ.

ಅವಳು ಕೂಗಲಿಲ್ಲ. ಕೂಗಿದರೆ ಅವನು ತಿರುಗಬಹುದು, ತಿರುಗಿದರೆ ಜಾರಬಹುದು. ಮೆಲ್ಲಗೆ ಪಾಚಿಗಟ್ಟಿದ ಕಲ್ಲುಗಳನ್ನು ಇಳಿದಳು. ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದುಕೊಂಡು ಎದೆಗೆ ಒತ್ತಿಕೊಂಡಳು. ಮನ್ನು ಸಿಟ್ಟಿನಿಂದ ಕಿರುಚಿದ. ಅವನಿಗೆ ಇನ್ನೂ ಆಡಬೇಕಿತ್ತು.

ಅಂಗಳದ ನಡುವೆ ಅಜ್ಜ ಬಿದ್ದಿದ್ದರು. ಕೋಲು ಒಂದು ಕಡೆ, ಅವರು ಒಂದು ಕಡೆ.

“ಸಿಕ್ಕಿದನಾ? ಸಿಕ್ಕಿದನಾ ಮಗಾ?” ಎಂದು ಹೊಳೆಯ ಕಡೆಗಲ್ಲ, ರಸ್ತೆಯ ಕಡೆಗೆ ನೋಡಿ ಕೇಳುತ್ತಿದ್ದರು.

“ಸಿಕ್ಕಿದ ಅಜ್ಜ. ಇಲ್ಲೇ ಇದ್ದಾನೆ.”

ಅಜ್ಜ ಕೈ ಚಾಚಿ ಮನ್ನುವಿನ ಒದ್ದೆ ಪಾದ ಮುಟ್ಟಿ ನೋಡಿದರು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅಜ್ಜ ಅಳುವುದನ್ನು ಧೃತಿ ಅಂದೇ ಮೊದಲು ನೋಡಿದ್ದು.

ಅವಳು ಅಜ್ಜನನ್ನು ಎಬ್ಬಿಸಿ ಚಾವಡಿಗೆ ಕರೆತಂದಳು. ಗಂಜಿ ಬೇಯುತ್ತಿತ್ತು. ಅಜ್ಜನ ಮೊಣಕೈ ತೊಳೆಯಬೇಕಿತ್ತು. ಮನ್ನು ಆಗಲೇ ಮತ್ತೆ ಬಾಗಿಲಿನ ಕಡೆ ಹೊರಟಿದ್ದ.

ಧೃತಿ ಬಟ್ಟೆ ಹಾಕುವ ಹಗ್ಗದ ಮೇಲಿದ್ದ ಆ ಹಳೆಯ ಸೀರೆ ತೆಗೆದುಕೊಂಡಳು. ಮನ್ನುವಿನ ಕೆಂಪು ಗೆರೆಯ ಮೇಲೆ ತನ್ನ ಟವೆಲನ್ನು ಮಡಚಿಟ್ಟಳು. ಅದರ ಮೇಲಿಂದ ಸೀರೆ ಸುತ್ತಿದಳು. ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಸೊಂಟದ ಗಂಟು ಹಾಕಿದಳು. ಬಿಗಿಯಾದರೆ ಅವನಿಗೆ ನೋವು, ಸಡಿಲವಾದರೆ ಬಿಚ್ಚಿಹೋಗುತ್ತದೆ. ಬಿಚ್ಚಿ ಬಿಚ್ಚಿ ಮತ್ತೆ ಕಟ್ಟಿದಳು. ಮನ್ನು ಅವಳ ಕೂದಲು ಹಿಡಿದು ಜೋರಾಗಿ ಅತ್ತ.

ಸಂಜೆ ಅಮ್ಮ ಬಂದಳು. ಕಿಟಕಿಯ ಸರಳು ನೋಡಿದಳು, ಬೆಂಚಿನ ಥರ್ಮಕೋಲ್ ನೋಡಿದಳು, ಅಜ್ಜನ ತರಚಿದ ಮೊಣಕೈ ನೋಡಿದಳು.

“ಗಂಜಿ ಉಕ್ಕಿತು ಅಂತ ಒಳಗೆ ಹೋದೆ ಅಮ್ಮ,” ಎಂದಳು ಧೃತಿ. “ಅಷ್ಟರಲ್ಲಿ ಹೊಳೆಗೆ ಇಳಿದಿದ್ದ.”

ಅಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಮನ್ನುವನ್ನು ಮಡಿಲಿಗೆ ಎಳೆದುಕೊಂಡು ಗಂಟು ಬಿಚ್ಚಿದಳು. ಬೈಯಲಿಲ್ಲ. ಮಡಚಿಟ್ಟ ಟವೆಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಅಮ್ಮ, ನಾನು ಸಣ್ಣವಳಿದ್ದಾಗ ನನ್ನನ್ನೂ ಕಟ್ಟಿದ್ದೆಯಾ?”

“ಹೂಂ. ಇದೇ ಕಿಟಕಿಗೆ.”

“ನಾನು ಅಳ್ತಿದ್ದೆನಾ?”

“ಮೊದಮೊದಲು ತುಂಬಾ ಅಳ್ತಿದ್ದೆ. ರಸ್ತೆವರೆಗೆ ಕೇಳ್ತಿತ್ತು,” ಅಮ್ಮ ಮನ್ನುವಿನ ತಲೆ ಸವರಿದಳು. “ಆಮೇಲೆ ಒಂದು ದಿನ ಅಳಲೇ ಇಲ್ಲ. ಸೊಂಟ ಮುಂದೆ ಮಾಡಿ ನೀನೇ ನಿಂತುಕೊಂಡೆ, ಕಟ್ಟಲಿಕ್ಕೆ. ಅವತ್ತು ಬಸ್ಸಿನಲ್ಲಿ ನಾನು ಅತ್ತೆ, ಯಾರಿಗೂ ಕಾಣದ ಹಾಗೆ ಹೊರಗೆ ಮುಖ ಮಾಡಿ.”



 ನಿನ್ನೆ ಬಸ್ಸಿನಲ್ಲಿ ಅಮ್ಮ ಅಷ್ಟು ಹೊತ್ತು ಯಾಕೆ ಮುಖ ಹೊರಗೆ ತಿರುಗಿಸಿದ್ದಳು ಎಂದು ಧೃತಿ ಈಗ ಕೇಳಬೇಕಾಗಿರಲಿಲ್ಲ. ಅವಳು ಎದ್ದು ಹೋಗಿ ಒಂದು ಬಟ್ಟಲು ಗಂಜಿ ಬಡಿಸಿಕೊಂಡು ಬಂದು ಅಮ್ಮನ ಮುಂದಿಟ್ಟಳು.

“ಅವನನ್ನು ನನಗೆ ಕೊಡು,” ಎಂದು ಕೈ ಚಾಚಿದಳು. “ನೀನು ಊಟ ಮಾಡು.”