ಓಡೆಲ್‌ನ ಮೈಕು

ನ್ಯಾಶ್‌ವಿಲ್‌ನ ನಮ್ಮ ಸ್ಟುಡಿಯೋದಲ್ಲಿ ಕಂಟ್ರಿ ಸಂಗೀತದ ಗಾಯಕಿ ವರ್ನಾ ಟಕೆಟ್ ಹೊಸ ಆಲ್ಬಮ್‌ಗಾಗಿ ಹಾಡುತ್ತಿದ್ದಳು. ರೆಕಾರ್ಡಿಂಗ್ ನನ್ನ, ಅಂದರೆ ಹಾಯ್ಟ್‌ನ, ಕೆಲಸ. ಜೊತೆಗೆ ಹಾಡುತ್ತಿದ್ದ ಅವಳ ಅಣ್ಣ ಓಡೆಲ್ ತೀರಿಹೋದ ಮೇಲೂ ಅವನ ಮೈಕು ತನ್ನ ಪಕ್ಕದಲ್ಲೇ ನಿಲ್ಲಬೇಕು ಎಂಬುದು ಅವಳ ಹಠ. ಅದಕ್ಕೆ ನಾನು ವೈರು ಸಿಕ್ಕಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಮೊದಲ ಹಾಡು ಮುಗಿಸಿ, ಹಾಕಿ ಕೇಳಿದಾಗ, ಪ್ರತಿ ಸಾಲಿಗೂ ಮುಂಚೆ ಗಂಡಸೊಬ್ಬ ಉಸಿರೆಳೆದುಕೊಳ್ಳುವ ಸದ್ದಿತ್ತು.

"ಇದ್ಯಾರದು ಮಾರಾಯ್ತಿ?" ಎಂದೆ.

"ಅಣ್ಣಂದು. ಯಾವಾಗ್ಲೂ ನನಗಿಂತ ಮುಂಚೆ ಉಸಿರು ತಗೋತಿದ್ದ. ಅಳಿಸಿದ್ರೆ ಕೈ ಮುರೀತೀನಿ, ಹಾಯ್ಟ್!" ಎಂದು ನಕ್ಕಳು.

ಕೊನೆಯ ಹಾಡಿನಲ್ಲಿ ದನಿ ವರ್ನಾಳದೇ ಇತ್ತು. ಉಸಿರು ಮಾತ್ರ ಅವನದೊಂದೇ; ಅವಳದು ಎಲ್ಲೂ ಕೇಳಲಿಲ್ಲ.

ಅವಳು ಹೋದ ಮೇಲೆ ಮೈಕುಗಳನ್ನು ಎತ್ತಿಡಲು ಹೋದೆ. ಓಡೆಲ್‌ನ ಮೈಕಿನ ಜಾಲರಿ ಬೆಚ್ಚಗಿತ್ತು, ಒದ್ದೆಯಾಗಿತ್ತು. ವರ್ನಾ ಬೆಳಗಿನಿಂದ ಬಾಯಿಟ್ಟು ಹಾಡಿದ್ದ ಮೈಕು ಒಣಗಿ ತಣ್ಣಗಿತ್ತು.