ಆಡಿದವರು: ನಾಲ್ವರು

ಗೇಮ್ ಸೆಟ್ಟನ್ನು ಅವನ ಮೇಜಿನ ಮೇಲಿಟ್ಟು, ನಾಲ್ಕು ಮಹಡಿ ಇಳಿದು, ರಸ್ತೆ ದಾಟಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ ಮೇಲೆ ಅವಳಿಗೆ ನೆನಪಾಯಿತು. ಹೆಸರುಗಳನ್ನು ಅಳಿಸಿರಲಿಲ್ಲ.

ಕಣ್ಣು ಬಿಟ್ಟಳು. ಬಸ್ಸು ಆಗಲೇ ಎರಡು ಸ್ಟಾಪು ದಾಟಿತ್ತು.

ಅವಳು ಒಂದು ದಿನಪತ್ರಿಕೆಯ ವಾರದ ಪುರವಣಿಗೆ ವಿಡಿಯೊ ಗೇಮ್‌ಗಳ ವಿಮರ್ಶೆ ಬರೆಯುವವಳು. ಹನ್ನೆರಡು ವರ್ಷದಿಂದ ವಾರಕ್ಕೊಂದು ಆಟ ಆಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತ ಬಂದಿದ್ದಳು. ಆಫೀಸಿನವರು ಅವಳನ್ನು ಮಾರ್ಕ್ಸ್ ಮೇಡಂ ಎನ್ನುತ್ತಿದ್ದರು. ಆಟ ಆಡುವುದಕ್ಕೆ ಸಂಬಳ ಬೇರೆಯೇ ಎಂದು ಮೊದಮೊದಲು ಎಲ್ಲರೂ ಹೊಟ್ಟೆ ಉರಿದುಕೊಂಡಿದ್ದರು. ಈಗ ಅವಳ ಹೆಬ್ಬೆರಳು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಎಲ್ಲ ಆಟಗಳೂ ಒಂದೇ ಥರ ಕಾಣುತ್ತಿದ್ದವು. ಇದೇ ಕೊನೆಯದು, ಇನ್ನು ಬರೆಯಲಾರೆ ಎಂದು ಸಂಪಾದಕರಿಗೆ ಹೇಳಿಯೂ ಆಗಿತ್ತು. "ಆಯ್ತಮ್ಮಾ, ಇದೊಂದು ಕೊಟ್ಟು ಹೋಗಿ" ಎಂದಿದ್ದರು ಅವರು.

ಇದೊಂದು ಎಂದರೆ 'ಗಲಾಟೆ ಮನೆ'. ಆ ಸರಣಿಯ ಆರನೆಯ ಆಟ. ಹಿಂದಿನ ಐದೂ ಟಿವಿಗೆ ಹಚ್ಚಿ ಆಡುವಂಥವು. ನಾಲ್ಕು ಜನ ಸೋಫಾದ ಮೇಲೆ ಕೂತು, ದಾಳ ಉರುಳಿಸಿ, ಚಿಕ್ಕಪುಟ್ಟ ಪಂದ್ಯಗಳನ್ನಾಡುತ್ತ ಗಂಟಲು ಹರಿಯುವಂತೆ ಕಿರುಚುವುದೇ ಅದರ ಸೊಗಸು. ಈ ಸಲ ಅದೇ ಗಲಾಟೆಯನ್ನು ಅಂಗೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿಗೆ ಇಳಿಸಿದ್ದರು.

ಮೊದಲ ಮೂರು ಆಟಗಳನ್ನು ಅವಳ ಮನೆಯಲ್ಲಿ ನಿಜವಾಗಿಯೂ ನಾಲ್ಕು ಜನ ಆಡಿದ್ದರು. ಅವಳು, ಅಕ್ಕ, ಭಾವ, ಒಬ್ಬ ಗೆಳತಿ. ಅಕ್ಕ ಸೋತಾಗ ದಿಂಬು ಎಸೆಯುತ್ತಿದ್ದಳು, ಭಾವ ಹಾಡಹಗಲೇ ಮೋಸ ಮಾಡುತ್ತಿದ್ದರು. ಆಮೇಲೆ ಭಾವನಿಗೆ ವರ್ಗವಾಯಿತು. ಗೆಳತಿ ಮದುವೆಯಾಗಿ ಬೇರೆ ಊರು ಸೇರಿದಳು. ನಾಲ್ಕನೆಯ ಆಟ ಬರುವ ಹೊತ್ತಿಗೆ ಸೋಫಾದ ಮೇಲೆ ಅವಳೊಬ್ಬಳೇ ಉಳಿದಿದ್ದಳು.

ಆದರೆ ವಿಮರ್ಶೆಯ ಕೆಳಗೆ ಒಂದು ಚೌಕ ಇರುತ್ತಿತ್ತು. ಆಡಿದ ಅವಧಿ, ಆಡಿದವರು, ಅಂಕ. ಪಾರ್ಟಿ ಗೇಮನ್ನು ಒಬ್ಬಳೇ ಆಡಿದೆ ಎಂದು ಊರಿಗೆಲ್ಲ ಸಾರುವುದು ಹೇಗೆ? 'ಆಡಿದವರು: ನಾಲ್ವರು' ಎಂದೇ ಬರೆದಳು. ಐದನೆಯದಕ್ಕೂ, ಈಗ ಆರನೆಯದಕ್ಕೂ ಹಾಗೇ ಬರೆದಳು. ಖಾಲಿ ಜಾಗಗಳಿಗೆ ಕಂಪ್ಯೂಟರನ್ನು ಕೂರಿಸಿ ಹೆಸರು ಕೊಡುವ ಸೌಕರ್ಯ ಆಟದಲ್ಲಿತ್ತು. ಈ ಸಲ ಮೊದಲ ಜಾಗಕ್ಕೆ ಅಕ್ಕ, ಎರಡನೆಯದಕ್ಕೆ ಭಾವ ಎಂದು ಟೈಪು ಮಾಡಿದ್ದಳು.

ಮೂರನೆಯದಕ್ಕೆ ಸ್ಕೇಲು ಎಂದು ಟೈಪು ಮಾಡಿದ್ದಳು.

ಸ್ಕೇಲು ಎಂದರೆ ಆಫೀಸಿನಲ್ಲಿ ಅವನೊಬ್ಬನೇ. ಬರಹ, ಚಿತ್ರ ಹೊಂದಿಸಿ ಪುರವಣಿಯ ಪುಟ ಕಟ್ಟುವವನು. ಎಲ್ಲ ಕೆಲಸ ಕಂಪ್ಯೂಟರಿಗೆ ಬಂದು ಎಷ್ಟೋ ಕಾಲವಾದರೂ ಮೇಜಿನ ಮೇಲೆ ಸ್ಟೀಲಿನ ಸ್ಕೇಲು ಇಟ್ಟುಕೊಂಡಿದ್ದ. ಆಳೂ ಹಾಗೇ ಉದ್ದಕ್ಕೆ ನೆಟ್ಟಗೆ ಇದ್ದ, ಮಾತೂ ಅಳೆದೇ ಆಡುತ್ತಿದ್ದ. ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಅವರ ನಡುವೆ ನಡೆಯುತ್ತಿದ್ದದ್ದು ಒಂದೇ ಸಂಭಾಷಣೆ, ಸಾಲಿನ ಲೆಕ್ಕ ಮಾತ್ರ ಬೇರೆ.

"ಆರು ಸಾಲು ಜಾಸ್ತಿ."

"ಕತ್ತರಿ ಹಾಕಿ."

"ಎಲ್ಲಿ?"

"ನಿಮಗೆಲ್ಲಿ ಬೇಕೋ ಅಲ್ಲಿ."

ಅವನು ಕತ್ತರಿಸಿದ್ದು ಎಲ್ಲಿ ಎಂದು ಮರುದಿನ ಅವಳಿಗೇ ಹುಡುಕಲು ಆಗುತ್ತಿರಲಿಲ್ಲ. ತನ್ನ ಪ್ರತಿ ಪದವನ್ನೂ ಇಷ್ಟು ಮೆಲ್ಲಗೆ ಮುಟ್ಟಿ ನೋಡುವವನೊಬ್ಬ ಇದ್ದಾನೆ ಎಂದು ಅವಳಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಅಲ್ಲಿಂದಲೇ ಶುರುವಾಗಿತ್ತು ಕಾಯಿಲೆ.

ಈಗ ಆ ಪುಣ್ಯಾತ್ಮ ಪುಟಕ್ಕೆ ಚಿತ್ರ ಬೇಕೆಂದು ಸೆಟ್ಟು ತೆರೆದಿರುತ್ತಾನೆ. ತೆರೆದರೆ ಮೊದಲು ಕಾಣುವುದೇ ಆಟಗಾರರ ಪಟ್ಟಿ.

ನೋಡಲಿ ಬಿಡು, ಹೇಗೂ ಕೆಲಸ ಬಿಡುವವಳು ತಾನೇ ಎಂದುಕೊಂಡಳು. ಅಷ್ಟು ಸುಸ್ತಾಗಿತ್ತು. ಆದರೆ ಅವನು ನಗುತ್ತಾನೆ ಎಂಬ ಯೋಚನೆ ಬಂದದ್ದೇ ತಡ, ಎದ್ದು ಬಸ್ಸು ನಿಲ್ಲಿಸುವ ಗಂಟೆಯ ಗುಂಡಿ ಒತ್ತಿದಳು.

*

ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. ವರದಿಗಾರರೆಲ್ಲ ಹೊರಗೆ ಹೋಗಿದ್ದ ಮಧ್ಯಾಹ್ನದ ಹೊತ್ತು. ಅವನೊಬ್ಬನೇ ಕನ್ನಡಕ ಹಣೆಗೇರಿಸಿ ಕೂತಿದ್ದ. ಸೆಟ್ಟಿಗೆ ವೈರು ಚುಚ್ಚಿ ದೊಡ್ಡ ಪರದೆಗೆ ಹಾಕಿಕೊಂಡಿದ್ದ. ಪರದೆಯ ತುಂಬ ಒಂದು ಕೊಕ್ಕರೆ, ಮೂರನೆಯ ಆಟಗಾರನಿಗೆ ಅವಳು ಆರಿಸಿದ್ದ ಗೊಂಬೆ. ಅದರ ಕೆಳಗೆ 'ಸ್ಕೇಲು' ಎಂದಿತ್ತು. ಅದರ ಕೆಳಗೆ 'ಕಂಪ್ಯೂಟರ್' ಎಂದಿತ್ತು.

"ತಲೆನೋವು ಅಂತ ಹೋದ್ರಲ್ಲ?" ಅವನು ತಿರುಗದೆಯೇ ಕೇಳಿದ.

"ಹೋಯ್ತು."

"ಬಸ್ಸಲ್ಲೇ?"

"ಬಸ್ಸಲ್ಲೇ."

ಅವನು ತಿರುಗಿದ. ನಗುತ್ತಿರಲಿಲ್ಲ. ಕನ್ನಡಕ ಇಳಿಸಿ ಅವಳನ್ನು ನೋಡಿದ, ಮತ್ತೆ ಕೊಕ್ಕರೆಯನ್ನು ನೋಡಿದ, ಕೊನೆಗೆ ಸ್ಕೇಲನ್ನು ಕೈಗೆತ್ತಿಕೊಂಡ. ಏನು ಮಾಡಬೇಕೋ ತೋಚದಾಗೆಲ್ಲ ಅದನ್ನೇ ಹಿಡಿದುಕೊಳ್ಳುತ್ತಿದ್ದ.

"ನಿಮ್ಮ ಬರಹದಲ್ಲಿ ತೊಂದರೆ ಇದೆ. ನಾಲ್ಕು ಸಾಲು..."

"ಕತ್ತರಿ ಹಾಕಿ" ಎಂದಳು ಅವಳು, ಅಭ್ಯಾಸಬಲದಿಂದ.

"ಜಾಸ್ತಿ ಅಲ್ಲ. ಕಡಿಮೆ ಇದೆ."

ಒಂಬತ್ತು ವರ್ಷದಲ್ಲಿ ಈ ಮಾತು ಬಂದಿರಲಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು.

"'ಜೋಡಿ ಆಟಗಳೂ ಇವೆ' ಅಂತ ಒಂದು ಸಾಲು ಬರೆದು ಬಿಟ್ಟಿದ್ದೀರಿ" ಎಂದ ಅವನು. "ಇವೆ, ಸರಿ. ಹೇಗಿವೆ?"

"ಆಡಿಲ್ಲ."

"ಯಾಕೆ?"

"ಅದಕ್ಕೆ ಕಂಪ್ಯೂಟರ್ ಬರಲ್ಲ ರೀ. ಒಂದೇ ಸೆಟ್ಟನ್ನ ಇಬ್ಬರು ಹಿಡ್ಕೋಬೇಕು. ಎಡಗಡೆ ಒಬ್ಬರು, ಬಲಗಡೆ ಒಬ್ಬರು. ಮನುಷ್ಯರೇ ಬೇಕು." ಅವಳ ದನಿ ಸಣ್ಣದಾಯಿತು. "ನೋಡಿದ್ರಲ್ಲ ಪಟ್ಟಿ. ಮತ್ಯಾಕೆ ಕೇಳ್ತೀರಿ?"

"ಯಾವಾಗಿಂದ?"

"ನಾಲ್ಕನೇ ಆಟದಿಂದ. ಸುಳ್ಳು ಬರೆದೆ. ಬೇಕಾದ್ರೆ ಸಂಪಾದಕರಿಗೆ ಹೇಳಿ. ಹೇಗೂ ಬಿಡ್ತಾ ಇದ್ದೀನಿ."

ಅವನು ಸ್ಕೇಲನ್ನು ಮೇಜಿನ ಮೇಲಿಟ್ಟ. ಮುಖ ಕೆಂಪಾಗಿತ್ತು.

"ನಾಲ್ಕನೇ ಆಟ ಅಂದ್ರೆ ಆರು ವರ್ಷ ಆಯ್ತು. ಆಗ ನಾನು ಟೀ ಕೌಂಟರ್ ಹತ್ರ ನಿಮ್ಮನ್ನ ಒಂದು ಮಾತು ಕೇಳಿದ್ದೆ. ನೆನಪಿದೆಯಾ?"

ನೆನಪಿಲ್ಲದೆ ಏನು? ನಿಮ್ಮನೇಲಿ ಆಡೋಕೆ ಜನ ಸಾಲ್ತಾರಾ ಎಂದು ಕೇಳಿದ್ದ. ಸುಳ್ಳು ಬರೆದು ಎರಡು ದಿನವಾಗಿತ್ತಷ್ಟೆ. ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡಿದ್ದಳು. "ಬೇಕಾದಷ್ಟು ಜನ ಇದ್ದಾರೆ" ಎಂದು ಕಪ್ಪನ್ನು ಅಲ್ಲೇ ಬಿಟ್ಟು ಓಡಿದ್ದಳು.

"ತನಿಖೆ ಮಾಡ್ತಿದ್ದೀರಿ ಅಂದ್ಕೊಂಡೆ."

"ತನಿಖೆಯಾ?" ಅವನು ಎದ್ದೇ ನಿಂತ. "ನಾನು ಬರ್ಲಾ ಅಂತ ಕೇಳಿದ್ದು ರೀ ಅದು! ಮೂರು ದಿನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ!"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಅಕ್ಕ ಕಿರುಚಿದಳು, ಭಾವ ಮೋಸ ಮಾಡಿದ್ರು ಅಂತೆಲ್ಲ ಬರೀತಿದ್ರಿ. ನಾಲ್ಕನೆಯವರು ಯಾರು ಅಂತ ಮಾತ್ರ ಬರೀಲೇ ಇಲ್ಲ. ಬರೀದೆ ಇದ್ದಿದ್ದಕ್ಕೇ ನನಗೆ ಗೊತ್ತಾಗಿಹೋಯ್ತು, ನಿಮಗೆ ಬೇಕಾದವನೇ ಅಂತ. ಯಾರೋ ಒಬ್ಬನನ್ನ ನಾನೇ ಮನಸ್ಸಲ್ಲಿ ಮಾಡಿಟ್ಕೊಂಡೆ. ನನಗಿಂತ ಚೆನ್ನಾಗಿ ಮಾತಾಡ್ತಾನೆ, ನಿಮ್ಮನ್ನ ನಗಿಸ್ತಾನೆ. ಆರು ವರ್ಷ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ." ಪರದೆಯ ಕಡೆ ಕೈ ತೋರಿಸಿದ. "ಇವತ್ತು ನೋಡಿದ್ರೆ ಕೊಕ್ಕರೆ. ಅದೂ ನಾನೇ!"

ಅವಳಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿತು. ಆರು ವರ್ಷ! ಅವನನ್ನು ದೂರ ಇಟ್ಟದ್ದು ಒಂದೇ ಒಂದು ಪದ, ಅದೂ ತಾನೇ ಕೈಯಾರೆ ಬರೆದದ್ದು, ಅವನೇ ಕೈಯಾರೆ ಪುಟಕ್ಕೆ ಹಾಕಿದ್ದು.

"ನಾಲ್ಕನೆಯವಳು ನನ್ನ ಗೆಳತಿ" ಎಂದಳು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಪೇಪರಲ್ಲಿ ತನ್ನ ಸುದ್ದಿ ಬರಬಾರದು ಅಂದಿದ್ದಳು. ಮದುವೆಯಾಗಿ ಹೋದಳು."

ಅವನು ಮೆಲ್ಲಗೆ ಕೂತ. ಫ್ಯಾನು ಕಾಗದಗಳನ್ನು ಅಲುಗಾಡಿಸುತ್ತಿತ್ತು.

"ಇನ್ನೊಂದು ವಿಷಯ" ಎಂದ. "ಕೊಕ್ಕರೆ ಮುಂದೆ ಲೆವೆಲ್ 'ಸುಲಭ' ಅಂತ ಇದೆ, ಅಂದ್ರೆ ಬೇಗ ಸೋಲುತ್ತೆ ಅಂತ. ನಾನು ಅಷ್ಟು ದಡ್ಡನಾ?"

"ನೀವು ಸುಲಭ ಆಗಿದ್ದಿದ್ರೆ ಇಷ್ಟು ವರ್ಷ ಬೇಕಾಗ್ತಿತ್ತಾ? ಅಲ್ಲಾದ್ರೂ ಇರ್ಲಿ ಅಂತ ಹಾಕಿದೆ."

ಅವನ ಕಿವಿಯ ತುದಿ ಕೆಂಪಾಯಿತು. ಅವಳು ಅದನ್ನು ನೋಡಿದಳು. ನೋಡಿದ್ದು ಅವನಿಗೆ ಗೊತ್ತಾಯಿತು. ಅವನು ಸೆಟ್ಟಿನ ವೈರು ಕಿತ್ತು, ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕಕ್ಕೆ ಬಂದ.

"ಎಡಗಡೆ ಯಾರು, ಬಲಗಡೆ ಯಾರು?"

"ಈಗಲಾ?"

"ನಾಲ್ಕು ಸಾಲು ಖಾಲಿ ಇದೆ ಮೇಡಂ. ನಾಲ್ಕು ಗಂಟೆಗೆ ಪುಟ ಕಳಿಸ್ಬೇಕು."

*

ಆಟ ಬಹಳ ಸರಳವಾಗಿತ್ತು. ಒಂದು ಹಲಗೆ, ಹಲಗೆಯ ಮೇಲೆ ಒಂದು ಮೊಟ್ಟೆ. ಎಡತುದಿ ಅವಳದು, ಬಲತುದಿ ಅವನದು. ಮೊಟ್ಟೆ ಉರುಳದಂತೆ ಸೇತುವೆ ದಾಟಿಸಬೇಕು.

ಪರದೆ ಅಂಗೈಯಷ್ಟೇ ಅಗಲ. ಇಬ್ಬರಿಗೂ ಕಾಣಬೇಕೆಂದರೆ ಭುಜಕ್ಕೆ ಭುಜ ತಾಗದೆ ಗತಿಯಿರಲಿಲ್ಲ. ಮೊದಲು ತಾಗಿದಾಗ ಇಬ್ಬರೂ ಸರಿದರು, ಮೊಟ್ಟೆ ಬಿತ್ತು. ಎರಡನೆಯ ಸಲ ಅವನು ಅವಸರ ಮಾಡಿದ, ಬಿತ್ತು. ಮೂರನೆಯ ಸಲ ಅವಳು ಪರದೆ ಬಿಟ್ಟು ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಕಾಗದ ಕತ್ತರಿಸಿ ಅಂಟಿಸಿ ಪುಟ ಕಟ್ಟುತ್ತಿದ್ದ ಕಾಲದ ಬ್ಲೇಡಿನ ಗಾಯದ ಗೀಟು ಅಲ್ಲಿತ್ತು. ಆ ಮೊಟ್ಟೆಯೂ ಬಿತ್ತು.

"ಎಲ್ಲಿ ನೋಡ್ತಿದ್ದೀರಿ?"

"ಮೊಟ್ಟೇನ."

"ಮೊಟ್ಟೆ ಆ ಕಡೆ ಇದೆ."

ಆರು ಮೊಟ್ಟೆ ಒಡೆದವು. ಏಳನೆಯದಕ್ಕೆ ಮೊದಲು ಅವಳು ಸೆಟ್ಟನ್ನು ತೊಡೆಯ ಮೇಲೆ ಇಳಿಸಿದಳು.

"ನನಗೆ ತುಂಬ ಸುಸ್ತಾಗಿದೆ ಕಣ್ರೀ" ಎಂದಳು. ಆಟದ ಮಾತಲ್ಲವೆಂದು ಅವನಿಗೆ ತಿಳಿಯಿತು.

"ಗೊತ್ತು. ಮೊದಲು ಇಪ್ಪತ್ತು ಸಾಲು ಜಾಸ್ತಿ ಬರೀತಿದ್ರಿ. ಆಮೇಲೆ ಹತ್ತು ಆಯ್ತು, ಆರು ಆಯ್ತು. ಬೆಳಗ್ಗೆ ನೋಡಿದ್ರೆ ಕಡಿಮೇನೇ ಬಂದಿದೆ. ಕತ್ತರಿಸೋಕೆ ಏನೂ ಇಲ್ಲದ ದಿನ ಬಂತಲ್ಲ ಅಂತ ನನಗೆ ಭಯ ಆಯ್ತು. ಪಟ್ಟಿ ನೋಡಿದ್ದು ಆಮೇಲೆ."

ಯಾರೂ ಅವಳ ಸುಸ್ತನ್ನು ಹೀಗೆ ಎಣಿಸಿಟ್ಟುಕೊಂಡಿರಲಿಲ್ಲ. ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಅವನು ಅಲುಗದೆ ನೆಟ್ಟಗೆ ಕೂತ.

"ನನಗೂ ಹಾಗೇನೇ" ಎಂದ. "ಹೋದ ವರ್ಷ ಅಪ್ಪ ಹೋದ ಮೇಲೆ ಮನೆಗೆ ಹೋಗೋ ಅವಸರ ಇಲ್ಲ. ನೀವು ಬರೆಯೋದು ಬಿಡಿ, ಬೇಡ ಅನ್ನಲ್ಲ. ಆಡೋಕೆ ಮಾತ್ರ ನನ್ನನ್ನ ಕರೀರಿ."

"ನೀವು ಅಂದ್ರೆ ನನಗೆ ಇಷ್ಟ. ಒಂಬತ್ತು ವರ್ಷ ಆಯ್ತು" ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. "ಇನ್ನು ಮುಚ್ಚಿಡೋಕೂ ಶಕ್ತಿ ಇಲ್ಲ."

"ನನಗೂ ಇಷ್ಟ. ನೀವಂದ್ರೆ" ಎಂದ ಅವನು. ಅಳೆಯದೆ ಆಡಿದ ಮೊದಲ ಮಾತು ಅದು. ಹಿಂದುಮುಂದಾಗಿ ಬಂತು.

ಏಳನೆಯ ಮೊಟ್ಟೆ ಸೇತುವೆ ದಾಟಿತು. ಇಬ್ಬರೂ ಸಾವಧಾನವಾಗಿ, ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುತ್ತ ಆಡಿದ್ದರು. ಸೆಟ್ಟು ಪುಟ್ಟದೊಂದು ತುತ್ತೂರಿ ಊದಿತು. ಯಾರೂ ಕಿರುಚಲಿಲ್ಲ.

ಅವಳು ಅವನ ಕೀಬೋರ್ಡನ್ನು ಎಳೆದುಕೊಂಡು ಬರೆದಳು: 'ಟಿವಿಯ ಮುಂದೆ ನಾಲ್ಕು ಜನ ದೂರ ದೂರ ಕೂತೂ ಆಡಬಹುದಿತ್ತು. ಈ ಪುಟ್ಟ ಪರದೆಗೆ ಹತ್ತಿರ ಬರದೆ ವಿಧಿಯಿಲ್ಲ. ಜೋಡಿ ಆಟದಲ್ಲಿ ಗೆಲ್ಲಲು ಚುರುಕುತನ ಬೇಡ, ಪಕ್ಕದವರಿಗಾಗಿ ಕಾಯುವ ಸಹನೆ ಸಾಕು. ಇಡೀ ಆಟದಲ್ಲಿ ಮತ್ತೆ ಆಡಬೇಕೆನಿಸಿದ್ದು ಇದೊಂದೇ.'

ಅವನು ಪರದೆಗೇ ಸ್ಕೇಲು ಹಿಡಿದು ನೋಡಿದ. ಸರಿಯಾಗಿ ನಾಲ್ಕು ಸಾಲು.

"ಅಂಕ ಆರು ಅಂತ ಇದೆ. ಜಾಸ್ತಿ ಮಾಡ್ತೀರಾ?"

"ಆರೇ ಇರ್ಲಿ. ಆಟ ಸುಮಾರಾಗೇ ಇದೆ."

ಅವನು ನಕ್ಕ. ಮೌಸು ಚೌಕದ ಕಡೆ ಇಳಿದು, ನಡುವಿನ ಸಾಲಿನ ಮೇಲೆ ನಿಂತಿತು.

"ಇದು?" ಎಂದು ಕೇಳಿದ. "ನಿಮ್ಮನ್ನ ಕೇಳದೆ ಏನೇನೋ ತೆಗೆದಿದ್ದೀನಿ. ಆದ್ರೆ ನಾನಾಗಿ ಒಂದು ಪದಾನೂ ಸೇರಿಸಿಲ್ಲ."

"ಈಗ ಸೇರಿಸಿ" ಎಂದಳು ಅವಳು.

ಅವನು ಒಂದೊಂದೇ ಅಕ್ಷರ ಒತ್ತಿ 'ನಾಲ್ವರು' ಎಂಬುದನ್ನು ಅಳಿಸಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿ, 'ಇಬ್ಬರು' ಎಂದು ಬರೆದ.