ಎಳೆಯಲಾಗದ ಬೋಲ್ಟ್

ಈ ಪ್ರಕರಣ ಬರೆಯಲು ನಾನು ಯಾರು ಎಂದು ಹಲವು ಸಲ ಅನಿಸಿದೆ. ಬಂದೂಕಿನ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ. ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

ನವೆಂಬರ್ ಏಳರ ಬೆಳಿಗ್ಗೆ ಮೊಂಟಾನಾದ ಒಂದು ಸಣ್ಣ ಊರಿನ ಶೆರಿಫ್ ಠಾಣೆಗೆ ಬಂದೂಕಿನಂಗಡಿಯ ಲೈಲ್ ಹಾಸ್ಕಿನ್ಸ್ ದೂರು ಕೊಟ್ಟ. ಹಿಂಬಾಗಿಲ ಗಾಜು ಒಡೆದು ಯಾರೋ ಒಂದು ಸೆಮಿ ಆಟೋಮ್ಯಾಟಿಕ್, ಅಂದರೆ ಹೊಡೆದ ಮೇಲೆ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ, ರೈಫಲ್ ಕದ್ದಿದ್ದರು. ತನಿಖಾಧಿಕಾರಿ ಆರಿನ್ ಟೀಗ್ ದೂರು ದಾಖಲಿಸಿಕೊಂಡು ಸ್ಥಳ ಪರಿಶೀಲನೆಗೆ ಹೋದ.

ಕೌಂಟರ್ ಮೇಲೆ ಕಳ್ಳ ಇಳಿಸಿ ನೋಡಿ ಬಿಟ್ಟುಹೋದ ಇನ್ನೆರಡು ರೈಫಲ್‌ಗಳಿದ್ದವು. ಒಂದರಲ್ಲಿ ಗುಂಡು ಏರಿಸುವ ಬೋಲ್ಟನ್ನು ಹಿಂದಕ್ಕೆಳೆದು ತೆರೆದಿಡಲಾಗಿತ್ತು. ಇನ್ನೊಂದರದು ಮುಚ್ಚಿತ್ತು.

"ಈ ತೆರೆದಿರೋದು?" ಟೀಗ್ ಕೇಳಿದ.

"ಗುಂಡಿನ ಗ್ಯಾಸ್ ನೇರ ಬೋಲ್ಟಿಗೇ ನುಗ್ಗುತ್ತೆ. ಹಗುರ, ಆದ್ರೆ ಒಳಗೆಲ್ಲ ಮಸಿ."

"ಮುಚ್ಚಿರೋದು?"

"ಗ್ಯಾಸ್ ಕೆಲಸ ಇಲ್ಲ. ಬರೀ ಬೋಲ್ಟಿನ ಭಾರ, ಬಿಗಿ ಸ್ಪ್ರಿಂಗ್. ಎಳೆಯೋಕೆ ಕಸುವು ಬೇಕು."

"ಹೋಗಿದ್ದು?"

"ಗ್ಯಾಸ್ ಬೋಲ್ಟಿಗೆ ಹೋಗದೆ ಪಿಸ್ಟನ್ ತಳ್ಳೋದು. ಎಳೆಯೋದೂ ಸಲೀಸು, ಮಸಿನೂ ಕಮ್ಮಿ. ಕಳ್ಳನಿಗೆ ಒಳ್ಳೆ ತಿಳಿವಳಿಕೆ ಇದೆ, ನಿಮ್ಮ ಇಲಾಖೆಗೇ ಸೇರಿಸ್ಕೊಳ್ಳಿ."

ಟೀಗ್ ನಗಲಿಲ್ಲ. ಆ ಊರಲ್ಲಿ ಬಂದೂಕು ಕೆಳಗಿಡುವಾಗ ಬೋಲ್ಟ್ ತೆರೆದಿಡುವುದು ಚಿಕ್ಕಂದಿನಿಂದ ಬಂದ ಶಿಸ್ತು. ಒಳಗೆ ಗುಂಡಿಲ್ಲ ಎಂದು ಎಲ್ಲರಿಗೂ ಕಾಣಬೇಕು. ಕದಿಯುವಾಗಲೂ ಅದನ್ನು ಪಾಲಿಸಿದವರು ಒಂದನ್ನು ಮಾತ್ರ ಮುಚ್ಚಿಯೇ ಬಿಟ್ಟದ್ದೇಕೆ? ಎಳೆಯಲು ಕೈ ಸಾಗಿಲ್ಲ.

"ಕೈಯಲ್ಲಿ ಬಲ ಇಲ್ಲದವರು ಯಾರಾದ್ರೂ ಬಂದಿದ್ರಾ?"

ಲೈಲ್ ಬಾಗಿಲ ಕಡೆ ತಿರುಗಿದ.

"ಗೊತ್ತಿದ್ದೂ ಸುಮ್ನಿದೀಯಾ?" ಟೀಗ್ ಕೇಳಿದ.

"ನಮ್ಮಿಬ್ಬರಿಗೂ ಬಂದೂಕು ಹಿಡಿಯೋದು ಕಲಿಸಿದ್ದು ವರ್ನಾ ಮಿಸ್ಸೇ ಕಣೋ. ಹೋದ ವಾರ ಕೊಳ್ಳೋಕೆ ಬಂದಿದ್ರು. ಸರ್ಕಾರದ ದಾಖಲೆ ತಪಾಸಣೆಲಿ ಅವರಿಗೆ ಮಾರಬೇಡ ಅಂತ ಬಂತು. ನಾನೇನ್ ಮಾಡ್ಲಿ?"

ವರ್ನಾ ಸ್ಟ್ರೌಡ್ ಅವರ ಮೇಲೆ ಹಳೆಯ ಶಿಕ್ಷೆಯೊಂದಿತ್ತು. ದಿನವೂ ಹೊಡೆಯುತ್ತಿದ್ದ ಗಂಡನಿಗೆ ಒಮ್ಮೆ ಬಾಣಲೆಯಿಂದ ತಿರುಗಿ ಹೊಡೆದು, ವಕೀಲನ ಮಾತು ಕೇಳಿ ತಪ್ಪೊಪ್ಪಿಕೊಂಡಿದ್ದರು. ಅಂದಿನಿಂದ ಅವರು ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಆಮೇಲೆ ಅವರ ಬಲ ಮಣಿಕಟ್ಟು ಮುರಿದು ಜೈಲು ಸೇರಿದ್ದ ಆ ಗಂಡ ಆ ವಾರದ ಶುಕ್ರವಾರ ಬಿಡುಗಡೆಯಾಗುವವನಿದ್ದ.

ಮಧ್ಯಾಹ್ನ ಟೀಗ್ ಹೋದಾಗ ರೈಫಲ್ ಅಡುಗೆಮನೆಯ ಮೇಜಿನ ಮೇಲೇ ಇತ್ತು.

"ಬಾ ಆರಿನ್. ಶೂ ಒರೆಸ್ಕೊಂಡು ಬಾ."

"ಯಾಕೆ ಮಿಸ್?"

"ಒಂದೊಂದು ಗುಂಡಿಗೂ ಬೋಲ್ಟ್ ಎಳೆಯೋ ಹಳೇ ರೈಫಲ್ ಈ ಕೈಲಿ ಆಗಲ್ಲಪ್ಪ. ತಾನೇ ತುಂಬ್ಕೊಳ್ಳೋದು ನನಗಿದೇ ಮೊದಲ್ನೇದು."

"ನಮಗೆ ಫೋನ್ ಮಾಡ್ಬೇಕಿತ್ತು."

"ಹೋದ ಸಲ ಮಾಡಿದ್ದೆ. ನೀವು ಬರೋಷ್ಟರಲ್ಲಿ ಕೈ ಮುರಿದಿತ್ತು."

ಟೀಗ್ ಬಂಧಿತರಿಗಿರುವ ಹಕ್ಕುಗಳನ್ನು ಅವರಿಗೆ ಓದಿ ಹೇಳಿದ. ಬೇಡಿಯ ಒಂದು ಬಳೆಯನ್ನು ಅವರ ಎಡಗೈಗೆ ಹಾಕಿ, ಇನ್ನೊಂದು ಬಳೆಯನ್ನು ತನ್ನ ಕೈಗೇ ಹಾಕಿಕೊಂಡ.

ಶುಕ್ರವಾರ ಗಂಡ ಹೊರಬಂದ. ಆ ರಾತ್ರಿ ವರ್ನಾ ಲಾಕಪ್ಪಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದರು ಎಂದು ಕಾವಲಿನವರು ಹೇಳಿದರು. ಅವನು ಆ ಮನೆಯ ಕಡೆ ಹೋಗಿದ್ದನೇ, ಅವರು ಅಲ್ಲಿದ್ದಿದ್ದರೆ ಗುಂಡು ಹಾರಿಸುತ್ತಿದ್ದರೇ, ನನಗೆ ಗೊತ್ತಿಲ್ಲ.